ನೂರು ರೂಪಾಯಿಯ ತರಗತಿ, ಮೂವತ್ತು ಜನರ ಸಭಾಂಗಣ

(ಈ ಅಂಕಣದಲ್ಲಿ ಆಟ, ವ್ಯಾಯಾಮ, ಮೈಕೈ ನೋವಿನ ಪ್ರಶ್ನೆಗಳಿಗೆ ಉತ್ತರಿಸುವವರು ಉತ್ತರ ಕನ್ನಡದ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿ ದುಡಿದು ನಿವೃತ್ತರಾದವರು.)

ಪ್ರಶ್ನೆ: ನಾನು ಶಿರಸಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮ ಕಾಲೇಜಿನ ಸಭಾಂಗಣದಲ್ಲಿ ವಾರಕ್ಕೆ ಮೂರು ದಿನ, ಸಂಜೆ 5ರಿಂದ 6ರವರೆಗೆ ಫಿಟ್ನೆಸ್ ತರಗತಿ ನಡೆಯುತ್ತದೆ. ಹೊರಗಿನ ತರಬೇತುದಾರರು ಬರುತ್ತಾರೆ. ತಿಂಗಳಿಗೆ 400 ರೂಪಾಯಿ, ಬರುವವರು 18 ಜನ. ಶುಲ್ಕ ಜಾಸ್ತಿಯಾದ್ದರಿಂದಲೇ ಉಳಿದವರು ಬರುತ್ತಿಲ್ಲ ಎಂದು ನನಗನ್ನಿಸಿ, ಶುಲ್ಕವನ್ನು 100 ರೂಪಾಯಿಗೆ ಇಳಿಸಬೇಕೆಂದು ಪ್ರಾಂಶುಪಾಲರಿಗೆ ಕೊಡಲು ಒಂದು ಪ್ರಸ್ತಾವ ಬರೆದಿದ್ದೇನೆ. 64 ಜನರನ್ನು ಕೇಳಿದೆ, 61 ಜನ ‘ನೂರಾದರೆ ಬರ್ತೇವೆ’ ಅಂದರು. 61 ನೂರು ಅಂದರೆ 6,100; ತರಬೇತುದಾರರಿಗೆ ಕೊಡುವುದು 6,000. ಸ್ಪೀಕರ್ ಬಾಡಿಗೆ, ಗುಡಿಸುವವರು, ಕರೆಂಟು ಸೇರಿ ಬರುವ 1,200ನ್ನು ಕ್ರೀಡಾ ಶುಲ್ಕದ ನಿಧಿಯಿಂದ ಕೊಟ್ಟರೆ ಸಾಕು. ಪ್ರಸ್ತಾವದ ಪ್ರತಿ ಲಗತ್ತಿಸಿದ್ದೇನೆ. ಒಪ್ಪಿಗೆ ಸಿಗುತ್ತದೆಯೇ? ಎಲ್ಲಿ ತಿದ್ದಬೇಕು? (ಹೆಸರು ಹಾಕಬೇಡಿ ಎಂದಿದ್ದಾಳೆ.)

ಉತ್ತರ: ತಂಗೀ, ನಾಲ್ಕೂ ಪುಟ ಓದಿದೆ. ಈಗಿರುವ ರೂಪದಲ್ಲಿ ಕೊಟ್ಟರೆ ಪ್ರಾಂಶುಪಾಲರು ‘ನೋಡೋಣ’ ಅನ್ನುತ್ತಾರೆ. ನಮ್ಮ ಕಡೆ ‘ನೋಡೋಣ’ ಎಂದರೆ ಏನೆಂದು ನಿನಗೆ ಗೊತ್ತಿದೆ. ಆದರೆ ನಿನ್ನ ನೂರು ರೂಪಾಯಿ ಸಾಧ್ಯವಿಲ್ಲದ್ದೇನಲ್ಲ. ಅದಕ್ಕೆ ಬೇರೆ ದಾರಿ ಹಿಡಿಯಬೇಕು, ಆ ದಾರಿಯನ್ನು ನೀನೇ ಮೂರನೇ ಪುಟದಲ್ಲಿ ಒಂದೇ ಸಾಲು ಬರೆದು ಬಿಟ್ಟಿದ್ದೀಯ.

ಮೊದಲು ಲೆಕ್ಕ. ನಿನ್ನ ಕೂಡಿಸುವಿಕೆ ಸರಿಯಿದೆ. ಆದರೆ ಆ 61 ಜನರನ್ನು ನಿಲ್ಲಿಸುವುದೆಲ್ಲಿ? ಸಭಾಂಗಣ 40 ಅಡಿ ಉದ್ದ, 30 ಅಡಿ ಅಗಲ ಎಂದು ನೀನೇ ಬರೆದಿದ್ದೀಯ. ಮುಂದೆ ತರಬೇತುದಾರರಿಗೆ ಒಂದಿಷ್ಟು ಜಾಗ, ಗೋಡೆ ಬದಿ ಒಟ್ಟಿದ ಕುರ್ಚಿಗಳು, ಇವೆರಡನ್ನು ಕಳೆದರೆ ಉಳಿಯುವುದು ಸಾವಿರ ಚದರಡಿಯ ಆಸುಪಾಸು. ಕೈ ಚಾಚಿ, ಕಾಲು ಬೀಸಿ ಕುಣಿಯುವ ತರಗತಿಯಲ್ಲಿ ಒಬ್ಬಳಿಗೆ ಆರಡಿ ಉದ್ದ, ಆರಡಿ ಅಗಲ ಬೇಕು. ಒತ್ತಿ ನಿಲ್ಲಿಸಿದರೂ ಮೂವತ್ತು. ಅದಕ್ಕಿಂತ ಒಬ್ಬರು ಹೆಚ್ಚಾದರೂ ಹಿಂದಿನವಳ ಕಾಲು ಮುಂದಿನವಳ ಬೆನ್ನಿಗೆ.

ಹಾಗಾಗಿ 61 ಜನ ಎಂದರೆ ಎರಡು ತಂಡ. (ಅರವತ್ತೊಂದನೆಯವಳನ್ನು ಹೇಗೋ ಸೇರಿಸಿಕೊಳ್ಳುವ.) ಎರಡು ತಂಡಕ್ಕೆ ತರಬೇತುದಾರರು ಎರಡು ತಾಸು ನಿಲ್ಲಬೇಕು, ಸಂಭಾವನೆಯೂ ಇಮ್ಮಡಿ, ಮೇಲಿನ ಖರ್ಚೂ ಇಮ್ಮಡಿ. ಇಲ್ಲೇ ನಿನ್ನ ಪ್ರಸ್ತಾವ ಜಾರಿದ್ದು. ಇಂಥ ತರಗತಿಯ ಖರ್ಚು ತಲೆ ಲೆಕ್ಕದಲ್ಲಿ ಏರುವುದಿಲ್ಲ, ತಂಡದ ಲೆಕ್ಕದಲ್ಲಿ ಏರುತ್ತದೆ. ಹದಿನೆಂಟು ಜನರಿದ್ದರೂ 7,200, ಮೂವತ್ತು ಜನರಿದ್ದರೂ 7,200. ಮೂವತ್ತೊಂದಾದ ಕೂಡಲೇ 14,400. ಅಂದರೆ ಇದೇ ವ್ಯವಸ್ಥೆಯಲ್ಲಿ, ಯಾರ ಸಹಾಯಧನವೂ ಇಲ್ಲದೆ, ಶುಲ್ಕ ಇಳಿಯಬಹುದಾದ ತಳ ಯಾವುದು? 7,200ನ್ನು 30ರಿಂದ ಭಾಗಿಸು. 240 ರೂಪಾಯಿ. ಅದಕ್ಕಿಂತ ಕೆಳಗಿಳಿದರೆ ಯಾರಾದರೂ ಕೈಯಿಂದ ಹಾಕಬೇಕು.

ನಿನ್ನ ಪ್ರಕಾರ ಎರಡು ತಂಡ ಮಾಡಿ ನೂರು ರೂಪಾಯಿಯಂತೆ ಎತ್ತಿದರೆ ತಿಂಗಳಿಗೆ 8,300 ಕಡಿಮೆ ಬೀಳುತ್ತದೆ. ತರಗತಿ ನಡೆಯುವ ಎಂಟು ತಿಂಗಳಿಗೆ 66,400. ಪ್ರಾಂಶುಪಾಲರ ಪಕ್ಕದಲ್ಲಿ ಕೂತ ಲೆಕ್ಕಪತ್ರದವರು ಇದನ್ನು ಚಹಾ ತಣಿಯುವುದರೊಳಗೆ ಹೇಳಿಬಿಡುತ್ತಾರೆ, ಅಲ್ಲಿಗೆ ನಿನ್ನ ಉಳಿದ ಪುಟಗಳನ್ನು ಯಾರೂ ಓದುವುದಿಲ್ಲ.

ಇನ್ನು ಕ್ರೀಡಾ ಶುಲ್ಕ. ‘ನಾವು ಕಟ್ಟಿದ ಹಣ, ನಮಗೇ ಖರ್ಚಾಗಲಿ’ ಎಂದು ಬರೆದಿದ್ದೀಯ. ಮಾತು ಖಡಕ್ಕಾಗಿದೆ. ಆದರೆ ಆ ನಿಧಿ ಖಾಲಿ ಕೂತಿರುವುದಿಲ್ಲ. ಅಂತರ ಕಾಲೇಜು ಕಬಡ್ಡಿಗೆ, ಖೋಖೋಗೆ, ವಾಲಿಬಾಲಿಗೆ ಧಾರವಾಡಕ್ಕೋ ಇನ್ನೆಲ್ಲಿಗೋ ತಂಡ ಹೋಗುವಾಗ ಪ್ರಯಾಣ, ಊಟ, ಜರ್ಸಿ, ಪ್ರವೇಶ ಶುಲ್ಕ ಎಲ್ಲ ಅದರಿಂದಲೇ. ನಾನು ಕೆಲಸದಲ್ಲಿದ್ದಾಗ ಹುಡುಗಿಯರ ತಂಡಕ್ಕೆ ಹೊಸ ಜರ್ಸಿ ಕೊಡಿಸಲು ಎಷ್ಟು ಸಹಿ ಬೇಕಾಗುತ್ತಿತ್ತು ಎಂದು ಹೇಳಹೊರಟರೆ ಈ ಅಂಕಣ ಸಾಲದು. 66 ಸಾವಿರ ಕೇಳಿದರೆ ನೀನು ಕೇಳುವುದು ಪ್ರಾಂಶುಪಾಲರ ಹಣವನ್ನಲ್ಲ, ಖೋಖೋ ಹುಡುಗಿಯರ ಬಸ್ ಚಾರ್ಜನ್ನು. ಅವರೂ ನಿನ್ನ ಪಕ್ಕದ ಬೆಂಚಿನವರೇ.

ಈಗ ನಿನ್ನ ಸಮೀಕ್ಷೆ. 64 ಜನರನ್ನು ಕೇಳಿದ್ದು ಒಳ್ಳೆಯ ಕೆಲಸ, ಹೆಚ್ಚಿನವರು ಅಷ್ಟೂ ಮಾಡುವುದಿಲ್ಲ. ಆದರೆ ಲಗತ್ತಿನಲ್ಲಿ ‘ಹಾಸ್ಟೆಲ್, ರಾತ್ರಿ ಊಟದ ನಂತರ’ ಎಂದು ಬರೆದಿದೆ. ಹಾಸ್ಟೆಲಿನವರಿಗೆ ಸಂಜೆ ಐದೂ ಒಂದೇ, ಆರೂ ಒಂದೇ. ಹುಲೇಕಲ್ ಕಡೆಯವಳನ್ನು, ಬನವಾಸಿ, ದೇವನಳ್ಳಿ, ಹೆಗಡೆಕಟ್ಟಾ ಕಡೆಯವಳನ್ನು ಕೇಳು. ‘ಶುಲ್ಕ ಎಷ್ಟು’ ಎಂದು ಅವಳು ಕೇಳುವುದಿಲ್ಲ, ‘ಎಷ್ಟೊತ್ತಿಗೆ ಬಿಡ್ತಾರೆ’ ಎಂದು ಕೇಳುತ್ತಾಳೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನ ಟಿಕೆಟ್ ಉಚಿತವಾಯಿತು, ಹೊತ್ತು ಮಾತ್ರ ಬಸ್ಸಿನದ್ದೇ. ಐದೂಕಾಲಿನ ಬಸ್ಸು ತಪ್ಪಿದರೆ ಮುಂದಿನದಕ್ಕೆ ಕಾದು, ಮೇನ್ ರೋಡಿನಲ್ಲಿ ಇಳಿದು, ಮಳೆಗಾಲದಲ್ಲಾದರೆ ಇಂಬಳದ ನಡುವೆ ಕತ್ತಲಲ್ಲಿ ಮನೆಗೆ ನಡೆಯಬೇಕು. ಆ ಹುಡುಗಿಗೆ ನಿನ್ನ ತರಗತಿ ಬಿಟ್ಟಿ ಕೊಟ್ಟರೂ ತುಟ್ಟಿಯೇ. ಹದಿನೆಂಟೇ ಜನ ಬರುತ್ತಿರುವುದಕ್ಕೆ ನಾಲ್ಕುನೂರು ರೂಪಾಯಿ ಅರ್ಧ ಕಾರಣ. ಉಳಿದರ್ಧ ಸಂಜೆ ಐದು ಗಂಟೆ.

‘ನೂರಾದರೆ ಬರ್ತೀರಾ’ ಎಂದು ಕೇಳಿದರೆ ಯಾರು ತಾನೇ ಇಲ್ಲ ಅನ್ನುತ್ತಾರೆ? ನಿನ್ನ 61ರಲ್ಲಿ ಎರಡನೇ ತಿಂಗಳಿಗೆ ಎಷ್ಟು ಉಳಿಯುತ್ತಾರೆ ಎಂಬುದು ಬೇಕು. ಒಂದು ವಾರ ಪರೀಕ್ಷಾರ್ಥ ತರಗತಿ ನಡೆಸು, ಇಪ್ಪತ್ತು ರೂಪಾಯಿ ಮುಂಗಡ ತೆಗೆದುಕೊಂಡು ಹೆಸರು ಬರೆಸು. ಇಪ್ಪತ್ತು ರೂಪಾಯಿ ಕೊಟ್ಟವಳ ಹೌದಿಗೂ ಮಂಚದ ಮೇಲೆ ಮಲಗಿ ಹೇಳಿದವಳ ಹೌದಿಗೂ ಬಹಳ ಅಂತರವಿದೆ.

ಸರಿ, ಇನ್ನು ಮೂರನೇ ಪುಟದ ಆ ಸಾಲು: ‘ಹಿರಿಯ ವಿದ್ಯಾರ್ಥಿನಿಯರೂ ಕೆಲವೊಮ್ಮೆ ತರಗತಿ ನಡೆಸಬಹುದು.’ ಇದನ್ನು ಮೊದಲ ಪುಟಕ್ಕೆ ತಾ. ಇಡೀ ಪ್ರಸ್ತಾವ ನಿಲ್ಲಬೇಕಾದದ್ದು ಇದರ ಮೇಲೆ.

ತರಬೇತುದಾರರು ತಿಂಗಳಿಗೆ ಹನ್ನೆರಡು ಸಲ ಬಂದು, ಸಲಕ್ಕೆ 500ರಂತೆ ಪಡೆದು, ಎಲ್ಲರಿಗೂ ಅದದೇ ಹೆಜ್ಜೆ ಹೇಳಿಕೊಡುತ್ತಾರೆ. ಅದರ ಬದಲು ಅವರು ಶನಿವಾರ ಮಾತ್ರ ಬರಲಿ. ಬೆಳಿಗ್ಗೆ ಏಳೂಮುಕ್ಕಾಲಿಗೆ ಹಾಸ್ಟೆಲಿನ ತಂಡ, ಎಂಟೂಮುಕ್ಕಾಲಿಗೆ ಬಸ್ಸಿನ ತಂಡ, ಮುಕ್ಕಾಲು ತಾಸಿನಂತೆ ಎರಡನ್ನೂ ಒಂದೇ ಬರವಿಗೆ ಮುಗಿಸಲಿ. ಹೊಸ ಪಾಠ ಹೇಳಲಿ, ತಪ್ಪು ತಿದ್ದಲಿ. ವಾರದ ಉಳಿದೆರಡು ದಿನ, ಅದೇ ಹೊತ್ತಿಗೆ, ಅದೇ ಪಾಠವನ್ನು ಪ್ರತಿ ತಂಡದಲ್ಲೂ ನಾಲ್ವರು ನಾಯಕಿಯರು ಸರದಿಯ ಮೇಲೆ ನಡೆಸಲಿ. ನಾಯಕಿಯರನ್ನು ತಯಾರು ಮಾಡುವ ಹೊಣೆಯೂ ಸೇರಿತಲ್ಲ, ಅದಕ್ಕೆ ತರಬೇತುದಾರರಿಗೆ 500ರ ಬದಲು 600 ಕೊಡಿ. ಎಂಟು ತರಗತಿಗೆ 4,800. ಮೇಲಿನ ಖರ್ಚು 1,200 ಇದ್ದಷ್ಟೇ ಇರುತ್ತದೆ. ಬೆಳಿಗ್ಗೆ ಹೇಗೂ ಸಭಾಂಗಣ ಗುಡಿಸಿಯೇ ಇರುತ್ತಾರೆ. ಒಟ್ಟು 6,000, ಅರವತ್ತು ಜನ. ಬಂತಲ್ಲ ನಿನ್ನ ನೂರು!

ಎಂಟು ನಾಯಕಿಯರಿಂದ ಶುಲ್ಕ ತೆಗೆದುಕೊಳ್ಳಬೇಡ, ಅದು ಅವರ ಸಂಭಾವನೆ. ಆಗ ತಿಂಗಳಿಗೆ 800 ಕಡಿಮೆ ಬೀಳುತ್ತದೆ, ಎಂಟು ತಿಂಗಳಿಗೆ 6,400. ಕಾಲೇಜಿನಿಂದ ಇಷ್ಟನ್ನೇ ಕೇಳು. 66,400 ಎಲ್ಲಿ, 6,400 ಎಲ್ಲಿ! ಆರು ಸಾವಿರಕ್ಕೆ ಯಾವ ಕಾಲೇಜು ಅಭಿವೃದ್ಧಿ ಸಮಿತಿಯೂ ಎರಡು ಸಭೆ ಕರೆಯುವುದಿಲ್ಲ.

ನಾಯಕಿಯರು ಎಲ್ಲಿಂದ ಎಂದು ತಲೆ ಕೆಡಿಸಿಕೊಳ್ಳಬೇಡ. ಎನ್‌ಸಿಸಿಯವರಿದ್ದಾರೆ, ಕಬಡ್ಡಿಯವರಿದ್ದಾರೆ. ಯಕ್ಷಗಾನದ ಹೆಜ್ಜೆ ಕಲಿತ ಹುಡುಗಿಯರಂತೂ ಶಿರಸಿ, ಸಿದ್ದಾಪುರದಲ್ಲಿ ಬೇಕಾದಷ್ಟು. ಅರ್ಧ ತಾಸು ತಾಳಕ್ಕೆ ಸರಿಯಾಗಿ ಕುಣಿದವಳ ಉಸಿರು, ತೊಡೆ ಎರಡೂ ಗಟ್ಟಿ. ಮಂಡಿ ಕುಣಿತ ಮಾತ್ರ ಸಿಮೆಂಟ್ ನೆಲದ ಮೇಲೆ ಬೇಡ, ಮೊಣಕಾಲು ಸುಮ್ಮನೆ ಹಾಳು. ಇನ್ನೊಂದು ವಿಷಯ: ನಿನ್ನ ಪ್ರಸ್ತಾವದಲ್ಲಿ ಎಲ್ಲ ಕಡೆ ‘ಝುಂಬಾ’ ಎಂದಿದೆ. ಹಾಡಿಗೆ ಕುಣಿಯುವ ಆ ವ್ಯಾಯಾಮದ ಹೆಸರು ಒಂದು ನೋಂದಾಯಿತ ಬ್ರಾಂಡು, ಆ ಹೆಸರಿನಲ್ಲಿ ಕಲಿಸುವವರು ಪರವಾನಗಿ ಪಡೆದಿರಬೇಕು. ವಿದ್ಯಾರ್ಥಿನಿಯರು ನಡೆಸುವ ತರಗತಿಗೆ ಆ ಹೆಸರು ಹಾಕಿ ಫಲಕ ಬರೆಸಬೇಡ. ‘ವ್ಯಾಯಾಮ ತರಗತಿ’ ಅನ್ನು, ಯಾರೂ ಕೇಳುವುದಿಲ್ಲ.

ಪ್ರಾಂಶುಪಾಲರಿಗೆ ನಿಜವಾಗಿ ಅಳುಕು ಇರುವುದು ಹಣದ್ದಲ್ಲ. ಯಾರಾದರೂ ಬಿದ್ದರೆ, ತಲೆ ತಿರುಗಿದರೆ ಹೊಣೆ ಯಾರದು ಎನ್ನುವುದು. ನಿನ್ನ ನಾಲ್ಕು ಪುಟದಲ್ಲಿ ಇದರ ಬಗ್ಗೆ ಒಂದಕ್ಷರವಿಲ್ಲ. ಸೇರುವಾಗ ಒಂದು ಪುಟದ ಅರ್ಜಿ ತುಂಬಿಸು: ಉಬ್ಬಸ ಇದೆಯೇ, ಹೃದಯದ ತೊಂದರೆ ಇದೆಯೇ, ನಡೆಯುವಾಗ ಎದೆನೋವು ಬರುತ್ತದೆಯೇ, ಮೊಣಕಾಲಿಗೆ ಹಿಂದೆ ಪೆಟ್ಟಾಗಿದೆಯೇ. ‘ಹೌದು’ ಎಂದವರು ವೈದ್ಯರ ಚೀಟಿ ತರಲಿ. ರಕ್ತಹೀನತೆಯದ್ದನ್ನು ಬೇರೆಯೇ ಕೇಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. ನಿನ್ನ ಅರವತ್ತು ಜನರಲ್ಲಿ ಎಷ್ಟಾಯಿತು ನೋಡು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿ ಬಂದವಳು ಹತ್ತು ನಿಮಿಷ ಜಿಗಿದರೆ ಕಣ್ಣು ಕತ್ತಲೆ ಬರುವುದು ಸಹಜ. ಎರಡು ಮುಷ್ಟಿ ಅವಲಕ್ಕಿಯನ್ನೋ ಒಂದು ಬಾಳೆಹಣ್ಣನ್ನೋ ತಿಂದು ಬರಲು ಹೇಳು, ಹಿಮೋಗ್ಲೋಬಿನ್ ಸರ್ಕಾರಿ ಆಸ್ಪತ್ರೆಯಲ್ಲಿ ನೋಡಿಸಿಕೊಳ್ಳಲಿ. ತರಗತಿಯ ಹೊತ್ತಿಗೆ ಸಿಬ್ಬಂದಿಯಲ್ಲಿ ಒಬ್ಬರು ಆವರಣದಲ್ಲಿರಬೇಕು, ಅದನ್ನೂ ಬರಹದಲ್ಲೇ ಕೇಳು.

ಬಟ್ಟೆ ಬದಲಿಸಲು ಜಾಗ? ಅದೂ ಇಲ್ಲ ನಿನ್ನ ಪ್ರಸ್ತಾವದಲ್ಲಿ. ಬೆವರಿದ ಬಟ್ಟೆಯಲ್ಲೇ ಹತ್ತು ಗಂಟೆಯ ಕ್ಲಾಸಿಗೆ ಕೂರು ಎಂದರೆ ಯಾವ ಹುಡುಗಿಯೂ ಎರಡನೇ ವಾರಕ್ಕೆ ಬರುವುದಿಲ್ಲ. ಮಹಿಳಾ ಕೊಠಡಿಯ ಬೀಗದ ಕೈ ಒಂಬತ್ತೂವರೆಗೆ ಸಿಗುವಂತೆ ಮಾಡಿಸಿಕೊ. ಶುಲ್ಕ ಇಳಿಸುವುದಕ್ಕಿಂತ ಆ ಬೀಗದ ಕೈ ಹೆಚ್ಚು ಜನರನ್ನು ತಂದರೆ ನನಗೆ ಆಶ್ಚರ್ಯವಿಲ್ಲ.

ಯುಜಿಸಿ, ರಾಷ್ಟ್ರೀಯ ಶಿಕ್ಷಣ ನೀತಿ, ಫಿಟ್ ಇಂಡಿಯಾ ಎಂದು ಒಂದೂವರೆ ಪುಟ ಬರೆದಿದ್ದೀಯಲ್ಲ, ಅದನ್ನು ಎರಡು ಸಾಲಿಗೆ ಇಳಿಸು. ಅವನ್ನೆಲ್ಲ ಅವರು ನಿನಗಿಂತ ಮೊದಲೇ ಓದಿರುತ್ತಾರೆ. ಅದರ ಜಾಗದಲ್ಲಿ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾತೆತ್ತು. ಕಾಲೇಜುಗಳು ನ್ಯಾಕ್‌ಗೆ ಕೊಡುತ್ತ ಬಂದಿರುವ ವರದಿಯ ನಮೂನೆಯಲ್ಲಿ ವಿದ್ಯಾರ್ಥಿಗಳ ಸಾಮರ್ಥ್ಯ ವೃದ್ಧಿಯ ಕೆಳಗೆ ಜೀವನ ಕೌಶಲ ಎಂದಿದೆ. ಯೋಗ, ದೈಹಿಕ ಕ್ಷಮತೆ, ಆರೋಗ್ಯ, ನೈರ್ಮಲ್ಯ ಬರುವುದು ಅಲ್ಲಿ. ಹೆಚ್ಚಿನ ಕಾಲೇಜುಗಳು ಆ ಕೋಷ್ಟಕ ತುಂಬಲು ಜೂನ್ 21ರ ಯೋಗ ದಿನದ ಫೋಟೊ ಹುಡುಕುತ್ತವೆ. ನೀನು ಎಂಟು ತಿಂಗಳ ಹಾಜರಿ ಪುಸ್ತಕ ಕೊಡುತ್ತೇನೆ ಅನ್ನು. ಗುಣಮಟ್ಟ ಕೋಶದ ಸಂಚಾಲಕರು ತಾವಾಗಿಯೇ ನಿನ್ನ ಪರ ಮಾತಾಡುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಯನ್ನು ಸರಿಯಾಗಿಯೇ ಬರೆದಿದ್ದೀಯ: ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯು ಗಟ್ಟಿಮಾಡುವ ವ್ಯಾಯಾಮ. ಮುಕ್ಕಾಲು ತಾಸಿನ ಮೂರು ತರಗತಿ ಸೇರಿದರೆ 135 ನಿಮಿಷ. ಉಳಿದ ಹದಿನೈದು ನಿಮಿಷಕ್ಕೆ ಶಿರಸಿಯ ಏರು ಸಾಕು, ಬಸ್ ನಿಲ್ದಾಣದಿಂದ ಆಟೋ ಹತ್ತದಿದ್ದರೆ ಆಯಿತು. ಆ ಮೂರರಲ್ಲಿ ಎರಡು ದಿನ ಕೊನೆಯ ಹದಿನೈದು ನಿಮಿಷ ಬೈಠಕ್, ಗೋಡೆಗೆ ದಂಡ, ನೀರಿನ ಬಾಟಲಿ ಎತ್ತುವುದು ಇರಲಿ. ಬರೀ ಕುಣಿದರೆ ಉಸಿರು ಬರುತ್ತದೆ, ತೋಳು ಬರುವುದಿಲ್ಲ.

ಯಾವಾಗ ಶುರು ಮಾಡುವುದು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನದ ಆಸೆ ಬಿಡು, ಸಭಾಂಗಣವೇ ಗತಿ. ಬಾಗಿಲಲ್ಲಿ ಗೋಣಿಚೀಲ ಹಾಸು, ಒದ್ದೆ ಕಾಲಿನಲ್ಲಿ ಒಳಗೆ ಬಂದು ಜಾರಿದವರನ್ನು ನಾನು ಬಹಳ ನೋಡಿದ್ದೇನೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಮನೆಯವರು ರಾತ್ರಿ ಸುಲಿಯಲು ಕೂತು ಬೆಳಿಗ್ಗೆ ತೂಕಡಿಸುತ್ತ ಬರುತ್ತಾರೆ. ಆಗ ಹಾಜರಿ ಇಳಿದರೆ ಹೆದರಬೇಡ. ಮಾರಿಕಾಂಬೆಯ ಜಾತ್ರೆ ಇರುವ ವರ್ಷವಾದರೆ ಆ ದಿನಗಳಲ್ಲಿ ತರಗತಿಯನ್ನೇ ಇಡಬೇಡ. ಜಾತ್ರೆ ಪೇಟೆಯಲ್ಲಿ ಸುತ್ತುವುದೇನು ಕಡಿಮೆ ವ್ಯಾಯಾಮವೇ!

ಹುಡುಗರ ಮಾತು ನಿನ್ನ ಪ್ರಸ್ತಾವದಲ್ಲಿ ಎಲ್ಲೂ ಇಲ್ಲ. ಈ ವರ್ಷಕ್ಕೆ ಹಾಗೇ ಇರಲಿ ಎಂಬುದು ನನ್ನ ಅಭಿಪ್ರಾಯ. ಆದರೆ ಸಮಿತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿರಲಿ.

ತಿದ್ದಿ, ಎರಡು ಪುಟಕ್ಕೆ ಇಳಿಸಿ ಕೊಡು. ಕೊಡುವ ಮೊದಲು ತರಬೇತುದಾರರನ್ನು ಕೇಳಿದ್ದೀಯ ತಾನೇ? ಅವರ ಆರು ಸಾವಿರ 4,800ಕ್ಕೆ ಇಳಿಯುತ್ತದೆ. ತಿಂಗಳಿಗೆ ಹನ್ನೆರಡು ಬರವಿನ ಜಾಗದಲ್ಲಿ ನಾಲ್ಕೇ ಬರವು ಎಂದು ತಿಳಿಸಿ ಹೇಳಿದರೆ ಒಪ್ಪಬಹುದು, ಆದರೆ ಸುದ್ದಿ ಅವರಿಗೆ ಪ್ರಾಂಶುಪಾಲರಿಂದ ತಲುಪಬಾರದು.

ಪ್ರಶ್ನೆ: ಕಾರವಾರದಲ್ಲಿ ಸಣ್ಣ ಫಿಟ್ನೆಸ್ ಕೇಂದ್ರ ನಡೆಸುತ್ತೇನೆ. ಒಂದು ಕಾಲೇಜಿನವರು ತಮ್ಮ ವಿದ್ಯಾರ್ಥಿಗಳಿಗೆ ಅರ್ಧ ದರದಲ್ಲಿ ಕಲಿಸಿ ಎನ್ನುತ್ತಿದ್ದಾರೆ. ಒಪ್ಪಿದರೆ ಉಳಿದ ಸದಸ್ಯರೂ ಅದನ್ನೇ ಕೇಳುತ್ತಾರೆ. ಬಿಟ್ಟರೆ ನಲವತ್ತು ಜನ ಹೋದಂತೆ. ಏನು ಮಾಡಲಿ? ಜಿಎಸ್‌ಟಿ ಹೇಗೆ?

ಉತ್ತರ: ಮೇಲಿನ ಪತ್ರದ ಇನ್ನೊಂದು ಮಗ್ಗುಲು ನೀವು. ನಿಮ್ಮ ಕೇಂದ್ರಕ್ಕೆ ಜನ ಬರುವುದು ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರ ಮೇಲೆ. ಮಧ್ಯಾಹ್ನ ಎರಡರಿಂದ ಐದರವರೆಗೆ ಬಾಡಿಗೆ ಓಡುತ್ತಿರುತ್ತದೆ, ಯಂತ್ರಗಳು ನಿಂತಿರುತ್ತವೆ. ಆ ಖಾಲಿ ಹೊತ್ತನ್ನು ಕಾಲೇಜಿಗೆ ಕೊಡಿ, ದರ ಇಳಿಸಿದರೂ ನಷ್ಟವಿಲ್ಲ. ‘ಮಧ್ಯಾಹ್ನದ ದರ’ ಎಂದು ಫಲಕ ಹಾಕಿ, ಯಾವ ಸದಸ್ಯ ಬೇಕಾದರೂ ಅದೇ ದರಕ್ಕೆ ಆ ಹೊತ್ತಿಗೆ ಬರಲಿ. ಆಗ ತಕರಾರಿಲ್ಲ. ಸಂಜೆ ಆರರ ಹೊತ್ತನ್ನು ಅರ್ಧ ದರಕ್ಕೆ ಕೊಡಬೇಡಿ, ಆರು ತಿಂಗಳಲ್ಲಿ ಬಾಗಿಲು ಹಾಕುತ್ತೀರಿ.

ಜಿಎಸ್‌ಟಿಯನ್ನೂ ಕೇಳಿದ್ದೀರಿ. 2025ರ ಸೆಪ್ಟೆಂಬರ್ 22ರಿಂದ ಜಿಮ್, ಫಿಟ್ನೆಸ್ ಸೇವೆಯ ತೆರಿಗೆ ನೂರಕ್ಕೆ 18ರಿಂದ 5ಕ್ಕೆ ಇಳಿದಿದೆ, ಆದರೆ ಹೂಡುವಳಿ ತೆರಿಗೆ ಜಮೆ (ಕೇಂದ್ರಕ್ಕೆ ಸಾಮಾನು ಕೊಳ್ಳುವಾಗ ನೀವು ಕಟ್ಟಿದ ಜಿಎಸ್‌ಟಿಯನ್ನು ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ. ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ನೋಂದಣಿಯೇ ಬೇಡ. ಕಾಲೇಜಿನ ಜೊತೆ ಬಾಯಿಮಾತಿನ ಒಪ್ಪಂದ ಬೇಡ. ಬಿಲ್ಲು ಪಾಸಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಮುಂಗಡ ಎಷ್ಟು, ರಜೆಯ ತಿಂಗಳಿಗೆ ಏನು ಎಂಬುದು ಕಾಗದದಲ್ಲಿರಲಿ.

ಪ್ರಶ್ನೆ: ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ದಿನಾ ಬರಿಗಾಲಲ್ಲಿ ನಡೆಯುತ್ತೇನೆ. ವಯಸ್ಸು 58. ಇತ್ತೀಚೆಗೆ ಎಡ ಸೊಂಟ ಮಾತ್ರ ನೋಯುತ್ತದೆ. ಜಿಮ್ಮಿಗೆ ದುಡ್ಡು ಹಾಕುವ ಮನಸ್ಸಿಲ್ಲ, ಮರಳು ಬಿಡಬೇಕೇ?

ಉತ್ತರ: ಬಿಡುವುದು ಬೇಡ. ಒಣ ಮರಳಿನಲ್ಲಿ ಅದೇ ವೇಗದಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು, ಬಿಟ್ಟಿ ಜಿಮ್ಮು ಅದು. ಆದರೆ ತೀರ ಕಡಲ ಕಡೆಗೆ ಇಳಿಜಾರು. ಒಂದೇ ದಿಕ್ಕಿಗೆ ನಡೆದು, ವಾಪಸು ರಸ್ತೆಯಲ್ಲಿ ಬರುತ್ತೀರಿ ಎಂದು ಬರೆದಿದ್ದೀರಿ. ಹಾಗಾದರೆ ದಿನವೂ ಒಂದೇ ಕಾಲು ತಗ್ಗಿನಲ್ಲಿರುತ್ತದೆ, ಒಂದೇ ಸೊಂಟಕ್ಕೆ ಭಾರ ಬೀಳುತ್ತದೆ. ಹೋದ ದಾರಿಯಲ್ಲೇ ಮರಳಿ ಬನ್ನಿ. ಅಲೆ ಬಂದು ಹೋದ ಗಟ್ಟಿ ಮರಳಿನಲ್ಲಿ ಅರ್ಧ, ಒಣ ಮರಳಿನಲ್ಲಿ ಅರ್ಧ ನಡೆಯಿರಿ. ಎರಡು ವಾರದಲ್ಲಿ ನೋವು ಇಳಿಯದಿದ್ದರೆ, ಅಥವಾ ಕಾಲಿಗೆ ಜೋಮು ಇಳಿದರೆ, ಮೂಳೆ ವೈದ್ಯರಿಗೆ ತೋರಿಸಿ. ಮಳೆಗಾಲದಲ್ಲಿ ತೀರದ ಬದಲು ರಸ್ತೆ, ಕಾಲಿಗೆ ಬೂಟು.